ತಲಪಾಡಿಯ ಆಚೆ, ಈಚೆ ಮತ್ತು ಒಂದು ಸ್ಟಾರ್-ಡೆಲ್ಟಾ ಪ್ಯಾನಲ್

ಕೇರಳದ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದರೆ ಸಾಕು, ಗಡಿಯ ತಲಪಾಡಿ ದಾಟಿ ಮಂಗಳೂರಿಗೋ, ಇಲ್ಲೇ ಕಾಸರಗೋಡಿನ ಪೆರಿಯ, ಪೊವ್ವಲ್ ಕಾಲೇಜುಗಳಿಗೋ ಎಂಬ ಚರ್ಚೆ ಮನೆಮನೆಯಲ್ಲಿ ಶುರು. ವಿದ್ಯುತ್ತು, ಯಂತ್ರ ಎರಡನ್ನೂ ಕಲಿಸುವ ಎಲೆಕ್ಟ್ರೋಮೆಕ್ಯಾನಿಕಲ್ ಓದಲು ಹೊರಟವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ: ಲ್ಯಾಬಿನಲ್ಲಿ ಒಂದು ಮೋಟಾರಿಗೆ ಎಷ್ಟು ಮಂದಿ? (ಆ ಹೆಸರಿನ ಕೋರ್ಸ್ ನಮ್ಮಲ್ಲಿ ಅಪರೂಪ, ಮೆಕಾಟ್ರಾನಿಕ್ಸ್ ಎಂದು ಹುಡುಕಿ.)

ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಿಂದ ಎಬ್ಬಿಸಿ, ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನೇ ತೆಗೆದುಕೊಳ್ಳಿ. ಮೂರು ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚು), ಒಂದು ಟೈಮರ್, ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಒಂದು ಓವರ್‌ಲೋಡ್ ರಿಲೇ. ಸ್ಟಾರ್‌ನಲ್ಲಿ ಲೈನ್ ಕರೆಂಟು ಮೂರನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ಎರಡೂ ರಾಜ್ಯದ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಕೂಡ ಅಷ್ಟೇ ಇಳಿಯುವುದರಿಂದ, ತೋಟದ ಪಂಪು ಸಲೀಸಾಗಿ ಎದ್ದರೂ ಸರಕು ತುಂಬಿದ ಕನ್ವೇಯರ್ ಏಳದೆ ನಿಂತಲ್ಲೇ ಗುಂಯ್‌ಗುಡುತ್ತದೆ. ಇದು ಕರಿಹಲಗೆಯ ಮುಂದೆ ಕೂತರೆ ತಲೆಗೆ ಹತ್ತುವುದಿಲ್ಲ.

ಮೋಟಾರಿನ ಮೂರು ವೈಂಡಿಂಗುಗಳ (ತಂತಿಸುರುಳಿಗಳ) ತುದಿಗಳು ಯು1-ಯು2, ವಿ1-ವಿ2, ಡಬ್ಲ್ಯು1-ಡಬ್ಲ್ಯು2. ಈ ಆರು ವೈರುಗಳನ್ನು ಡೆಲ್ಟಾಕ್ಕೆ ಜೋಡಿಸುವಾಗ ಯು1ಕ್ಕೆ ಡಬ್ಲ್ಯು2ರ ಬದಲು ಯು2 ಕೊಟ್ಟು, ಉಳಿದೆರಡನ್ನೂ ಹಾಗೇ ಮಾಡಿದರೆ ಸ್ಟಾರ್‌ನಲ್ಲಿ ಮೋಟಾರು ಚೆನ್ನಾಗಿಯೇ ಓಡುತ್ತದೆ. ಟೈಮರ್ ಡೆಲ್ಟಾಕ್ಕೆ ಬದಲಿಸಿದೊಡನೆ ಸುಮ್ಮನೆ ನಿಧಾನವಾಗಿ ನಿಂತುಬಿಡುತ್ತದೆ. ಫ್ಯೂಸೂ ಹೋಗುವುದಿಲ್ಲ, ಏಕೆಂದರೆ ಪ್ರತಿ ವೈಂಡಿಂಗಿನ ಎರಡೂ ತುದಿಗೆ ಒಂದೇ ಫೇಸ್. ಸ್ಟಾರ್, ಡೆಲ್ಟಾ ಕಾಂಟ್ಯಾಕ್ಟರುಗಳ ನಡುವೆ, ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಇಂಟರ್‌ಲಾಕ್ ಮರೆತರೆ ಮಾತ್ರ ನೇರ ಶಾರ್ಟ್. ರಿಲೇಯನ್ನು ವೈಂಡಿಂಗಿನ ದಾರಿಯಲ್ಲಿ ಕೂರಿಸಿದ್ದರೆ ಪೂರ್ಣ ಕರೆಂಟಿನ 58 ಶೇಕಡಕ್ಕೆ ಹೊಂದಿಸಬೇಕು. 5 ಎಚ್‌ಪಿಯ 7.5 ಆಂಪಿಯರ್ ಮೋಟಾರಿಗೆ ಸುಮಾರು 4.3.

ಇನ್ನು ರಿಲೇ ಟ್ರಿಪ್ ಆದಾಗ ಎಲೆಕ್ಟ್ರಿಕಲ್‌ನವರು ಬೇರಿಂಗ್ ಎನ್ನುತ್ತಾರೆ, ಮೆಕ್ಯಾನಿಕಲ್‌ನವರು ವೈರಿಂಗ್ ಎನ್ನುತ್ತಾರೆ. ವೈರನ್ನು ಸುತ್ತುವರಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಮೂರೂ ಫೇಸ್ ಸಮವಾಗಿ ಹೆಚ್ಚು ತೋರಿಸಿದರೆ ಮೊದಲು ಲೋಡ್ ನೋಡಿ: ವಿದ್ಯುತ್ ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಮೋಟಾರಿನ ಶಾಫ್ಟನ್ನು ಯಂತ್ರಕ್ಕೆ ಸೇರಿಸುವ ಕಪ್ಲಿಂಗ್ ನೇರವಾಗಿದೆಯೇ ಎಂದು ಪರೀಕ್ಷಿಸಿ. ಒಂದು ಫೇಸ್ ಮಾತ್ರ ಸೊನ್ನೆಯಾದರೆ ಫ್ಯೂಸು, ಕಾಂಟ್ಯಾಕ್ಟರಿನ ಪಾಯಿಂಟು. ಎರಡೂ ವಿದ್ಯೆಯನ್ನು ಒಂದೇ ತಲೆಗೆ ತುಂಬುವ ಕೋರ್ಸ್ ಬೇಕಾಗಿರುವುದು ಇದಕ್ಕೇ.

ಭಾಷೆಯ ವಿಷಯ. ಮ್ಯಾನುವಲ್ ಎರಡೂ ಕಡೆ ಇಂಗ್ಲಿಷೇ. ಈಚೆ ಲ್ಯಾಬಿನ ವಿವರಣೆ ಮಲಯಾಳದಲ್ಲಿ, ಆಚೆ ಕನ್ನಡ ಅಥವಾ ತುಳುವಿನಲ್ಲಿ. ಇಂಡಕ್ಷನ್ ಮೋಟಾರನ್ನು ‘ಪ್ರೇರಣ ಮೋಟಾರು’ ಎಂದು ವರ್ಕ್‌ಶಾಪಿನಲ್ಲಿ ಯಾರೂ ಅನ್ನುವುದಿಲ್ಲ, ಅನ್ನಬೇಕೆಂದೂ ಇಲ್ಲ. ಮೋಟಾರು ಏಕೆ ನಿಂತಿತು ಎಂದು ವಿವರಿಸುವಾಗ ಮನೆಮಾತು ಬೇಕಾಗುತ್ತದೆ. ಮಂಗಳೂರಿನ ಅನುಕೂಲ ಅದೊಂದೇ.

ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿಯಲ್ಲಿ ಅವಕಾಶವಿದೆ, ಕನ್ನಡ ಪರೀಕ್ಷೆಯೂ ಇದೆ. ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ನನ್ನ ಮತ ಡಿಪ್ಲೊಮಾ ಮೊದಲು, ಆಮೇಲೆ ಬಿ.ಟೆಕ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಅದಕ್ಕಿರುವ ಪ್ರವೇಶ ಪರೀಕ್ಷೆಗಳಾದ ಕೇರಳದ ಎಲ್‌ಇಟಿ, ಕರ್ನಾಟಕದ ಡಿಸಿಇಟಿ ಎರಡರ ಅರ್ಹತೆಯನ್ನೂ ಓದಿಯೇ ಡಿಪ್ಲೊಮಾ ಎಲ್ಲೆಂದು ಆರಿಸಿ.

ಸೇರುವ ಮೊದಲು ಲ್ಯಾಬಿಗೆ ಹೋಗಿ ಮೋಟಾರಿನ ಟರ್ಮಿನಲ್ ಡಬ್ಬಿ ನೋಡಿ. ಮಕ್ಕಳು ಬಿಚ್ಚಿ ಜೋಡಿಸಿ ಸ್ಕ್ರೂಗಳ ತಲೆ ಸವೆದಿದ್ದರೆ ಧೈರ್ಯವಾಗಿ ಫೀಸ್ ಕಟ್ಟಬಹುದು.