ಮೊದಲು ಅಂವ ಡಿಮ್ ಮಾಡಲಿ

ರಾತ್ರಿ ಹೊತ್ತು ಎರಡು ಗಾಡಿ ಎದುರುಬದುರಾದರೆ ಯಾರು ಮೊದಲು ಲೈಟ್ ಡಿಮ್ ಮಾಡಬೇಕು? ಕಾನೂನನ್ನು ಕೇಳಿದರೆ ಇಬ್ಬರೂ ಅನ್ನುತ್ತದೆ. ನಮ್ಮ ಕಲಬುರಗಿ ಕಡೆ ಕೇಳಿದರೆ ಉತ್ತರ ಒಂದೇ: ಅಂವ. ಎದುರಿನವನನ್ನು ನಿಲ್ಲಿಸಿ ಕೇಳಿದರೆ ಅವನೂ ಅದನ್ನೇ ಹೇಳುತ್ತಾನೆ. ಹೀಗಾಗಿ ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು, ಬಾಯಲ್ಲಿ ಅಚ್ಚು ಹಾಕಲಾಗದ ಮಾತು ಗೊಣಗುತ್ತಾ, ರಸ್ತೆ ಕಾಣದೆಯೇ ಒಬ್ಬರನ್ನೊಬ್ಬರು ದಾಟಿ ಹೋಗುತ್ತಾರೆ. ದಾಟಿದ ಮೇಲೆ ಇಬ್ಬರ ಮುಖದಲ್ಲೂ ಗೆದ್ದ ಕಳೆ.

ನಮ್ಮ ಸೋದರಮಾವ ಈ ಆಟದಲ್ಲಿ ಹಳೇ ಹುಲಿ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಯಾರ ಬಾಕಿಯನ್ನೂ ಸುಮ್ನೆ ಬಿಟ್ಟವರಲ್ಲ. "ನಾ ಡಿಮ್ ಮಾಡಿ, ಅಂವ ಮಾಡ್ಲಿಲ್ಲ ಅಂದ್ರ ನಮ್ಮ ಮರ್ಯಾದಿ ಏನ್ ಉಳೀತದ?" ಅನ್ನುವುದು ಅವರ ವಾದ. ಎದುರಿನವನು ಲೈಟ್ ಇಳಿಸದಿದ್ದರೆ ಎರಡು ಸಲ ಮಿಣುಕಿಸಿ ನೋಟಿಸ್ ಕೊಡುತ್ತಾರೆ. ಅವನು ಮೂರು ಸಲ ಮಿಣುಕಿಸಿ ಬಡ್ಡಿ ಸಮೇತ ವಾಪಸ್ ಮಾಡುತ್ತಾನೆ.

ಈ ಮಿಣುಕಿಸುವುದೇ ಒಂದು ದೊಡ್ಡ ಗೊಂದಲ. ಲೈಟ್ ಹೊಡೆದರೆ "ನಾ ಬರ್ಲತ್ತೀನಿ, ನೀ ನಿಲ್ಲು" ಅಂತಲೂ ಆಗಬಹುದು, "ನೀ ಹೋಗು, ನಾ ನಿಲ್ತೀನಿ" ಅಂತಲೂ ಆಗಬಹುದು. ಮುಂದೆ ಪೊಲೀಸರಿದ್ದಾರೆ, ನಿನ್ನ ಬಾಗಿಲು ಸರಿಯಾಗಿ ಬಿದ್ದಿಲ್ಲ, ಲೈಟ್ ಇಳಿಸೋ ಮಾರಾಯ, ಶರಣ್ರಿ ಸಾಹೇಬ್ರ, ಎಲ್ಲಕ್ಕೂ ಅದೇ ಎರಡು ಮಿಣುಕು. ಯಾವುದು ಅಂತ ನಾವು ಒಂದೇ ಸೆಕೆಂಡಿನಲ್ಲಿ ತಿಳಿದುಕೊಳ್ಳಬೇಕು. ಮದುವೆ ಮನೆಯಲ್ಲಿ ಬೀಗರ ಮಾತಿನ ಅರ್ಥ ಹಿಡಿಯುವುದು ಇದಕ್ಕಿಂತ ಸಲೀಸು.

ಹಗಲಿನಲ್ಲಿ ಮಾತ್ರ ನಮ್ಮ ಜನರಿಗೆ ಬೆಳಕಿನ ಬಗ್ಗೆ ಎಲ್ಲಿಲ್ಲದ ಕಾಳಜಿ. 2017ರ ಏಪ್ರಿಲ್ ಒಂದರಿಂದ ಹೊಸ ಬೈಕು, ಸ್ಕೂಟರುಗಳಿಗೆ ಹೆಡ್‌ಲೈಟ್ ಸ್ವಿಚ್ಚೇ ಇಲ್ಲ. ಎಂಜಿನ್ ಶುರುವಾದರೆ ಲೈಟೂ ಹತ್ತುತ್ತದೆ. ದೂರದಿಂದಲೇ ಬೈಕು ಕಾಣಲಿ ಅಂತ ಮಾಡಿದ ವ್ಯವಸ್ಥೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಡಾಂಬರು ಕರಗುವ ಬಿಸಿಲಲ್ಲಿ ನೀವು ಸೂಪರ್ ಮಾರ್ಕೆಟ್ ಕಡೆ ಸ್ಕೂಟರ್ ಮೇಲೆ ಹೋಗಿ ನೋಡಿ. ಎದುರಿಗೆ ಬಂದವರೆಲ್ಲ ಐದೂ ಬೆರಳು ತೆರೆದು ಮುಚ್ಚಿ ತೋರಿಸುತ್ತಾರೆ. ಆಟೋದವನು ತೋರಿಸುತ್ತಾನೆ, ಶಾಲೆ ಮಕ್ಕಳು ತೋರಿಸುತ್ತಾರೆ. ಒಬ್ಬ ಅಜ್ಜನಂತೂ ಸಿಗ್ನಲ್‌ನಲ್ಲಿ ನನ್ನ ಭುಜ ತಟ್ಟಿ, "ತಮ್ಮಾ, ಲೈಟ್ ಹತ್ಯಾದ ನೋಡು, ಬ್ಯಾಟ್ರಿ ಇಳೀತದ" ಅಂದರು. ಬಂದ್ ಮಾಡುವ ಸ್ವಿಚ್ಚೇ ಇಲ್ಲ ಅಂದೆ. "ಸ್ವಿಚ್ಚೇ ಇಲ್ಲಾ? ವಾಪಸ್ ಕೊಟ್ಟು ಬಾ" ಅಂದರು. ಇಷ್ಟು ಕಳಕಳಿಯ ಊರಿನಲ್ಲಿ ಸೂರ್ಯ ಮುಳುಗಿದ ಕೂಡಲೇ ಎಲ್ಲರ ಬೆರಳೂ ಹೈ ಬೀಮ್ ಮೇಲೆ ಹೋಗಿ ಕೂತುಬಿಡುತ್ತದೆ. ಬೀದಿದೀಪಗಳು ಸಾಲಾಗಿ ಉರಿಯುವ ರಸ್ತೆಯಲ್ಲೂ!

ನಮ್ಮ ಓಣಿಯ ಹುಡುಗನೊಬ್ಬ ಹಳೇ ಜೀಪಿಗೆ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡ. ರಾತ್ರಿ ಅವನು ಓಣಿಗೆ ತಿರುಗಿದರೆ ನಮ್ಮ ಮಹಡಿಯ ಕೋಣೆಯಲ್ಲಿ ಬೆಳಗಾಗುತ್ತದೆ. ರಸ್ತೆಯ ಗುಂಡಿ ಮಾತ್ರ ಅವನಿಗೆ ಕಾಣುವುದಿಲ್ಲ, ವಾರಕ್ಕೊಮ್ಮೆ ಅದರಲ್ಲೇ ಇಳಿಯುತ್ತಾನೆ. ಹೀಗ್ಯಾಕೆ ಅಂತ ಮೆಕ್ಯಾನಿಕ್‌ನನ್ನು ಕೇಳಿದೆ. ಅವನು ಹಳೆಯ ಹ್ಯಾಲೊಜೆನ್ ಬಲ್ಬ್ ಒಂದನ್ನು ಕೈಗೆ ಕೊಟ್ಟ. ಗಾಜಿನೊಳಗೆ ಎರಡು ತಂತಿ ಸುರುಳಿ. ಹೈ ಬೀಮಿಗೆ 60 ವ್ಯಾಟಿನದು, ಡಿಮ್ಮಿಗೆ 55 ವ್ಯಾಟಿನದು. ಫರಕು ಐದೇ ವ್ಯಾಟ್! ಡಿಮ್ ತಂತಿಯ ಕೆಳಗೆ ಉಗುರಿನಷ್ಟು ತಗಡಿನ ಬಟ್ಟಲು ಇತ್ತು. ಅದು ಕೆಳಗಿನ ಬೆಳಕನ್ನು ತಡೆದು, ಬಲ್ಬಿನ ಹಿಂದಿರುವ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಅಲ್ಲಿ ಬಡಿದ ಬೆಳಕು ಬಗ್ಗಿ ರಸ್ತೆಗೆ ಬೀಳುತ್ತದೆ. ರಿಫ್ಲೆಕ್ಟರಿನ ಬೋಗುಣಿ ಆ ತಂತಿ ಇರುವ ಜಾಗ ನೋಡಿಕೊಂಡೇ ಮಾಡಿದ್ದು. ಅದರಲ್ಲಿ ಸಿಕ್ಕ ಎಲ್‌ಇಡಿ ತುರುಕಿದರೆ ಬೆಳಕಿಗೆ ದಿಕ್ಕು ತಪ್ಪುತ್ತದೆ. ಬೇವಿನ ಮರಕ್ಕಷ್ಟು, ನಮ್ಮ ಕಿಟಕಿಗಿಷ್ಟು ಹಂಚಿ ಹೋಗುತ್ತದೆ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳಿಗೆ ಕೇಸು ಹಾಕತೊಡಗಿದಾಗ ಹುಡುಗ ಬಲ್ಬ್ ಬಿಚ್ಚಿಟ್ಟ. ಶ್ರಾವಣ ಮುಗಿಯುವಷ್ಟರಲ್ಲಿ ಮತ್ತೆ ನಮ್ಮ ಕೋಣೆಯಲ್ಲಿ ಬೆಳಗಾಗತೊಡಗಿತು.

ಇರಲಿ, ಮಾವನ ವಿಷಯಕ್ಕೆ ಬರುತ್ತೇನೆ. ಹುಮನಾಬಾದಿನಲ್ಲಿ ನೆಂಟರ ಮದುವೆ ಮುಗಿಸಿ ರಾತ್ರಿ ಕಲಬುರಗಿಗೆ ಹೊರಟಿದ್ದೆವು. ಮಾವ ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ನಾನು. ಹಿಂದೆ ಅತ್ತಿ, ಅವ್ವ, ಇಬ್ಬರ ನಡುವೆ ಕಮಲಾಪುರದಲ್ಲಿ ಇಳಿಯುವ ದೊಡ್ಡ ಮೈಯ ಬೀಗರೊಬ್ಬರು. ಡಿಕ್ಕಿಯಲ್ಲಿ ಹೊಸ ಜೋಳದ ಚೀಲ, ತೊಗರಿಬೇಳೆ ಗಂಟು, ಮದುವೆಯಲ್ಲಿ ಕೊಟ್ಟ ಸ್ಟೀಲ್ ಕೊಡ. ಹಿಂದಿನ ಟೈರು ಗಾಡಿಯ ಮೈಗೆ ತಾಗುವುದೊಂದೇ ಬಾಕಿ.

ಊರು ದಾಟಿ ಕತ್ತಲಾಯಿತು. ಮುಂದೆ ನಮ್ಮದೇ ಸೈಡಿನಲ್ಲಿ ಒಂದು ಬಿಳಿ ಲೈಟ್ ಕಾಣಿಸಿತು.

"ರಾಂಗ್ ಸೈಡ್ ಬರ್ಲತ್ತಾನ ನೋಡು ಅಳಿಯಾ" ಅಂದರು ಮಾವ. ಎರಡು ಸಲ ಲೈಟ್ ಹೊಡೆದರು. ಉತ್ತರವಿಲ್ಲ. ಮತ್ತೆ ಹೊಡೆದರು. ಅವನದು ಒಂದೇ ಸಮ ಉರಿಯುತ್ತಿದೆ, ಇಳಿಯುವ ಲಕ್ಷಣವೇ ಇಲ್ಲ. "ಕುಡ್ದಾನ ಮಗ. ಬರ್ಲಿ, ನಾವೇ ನಿಂದ್ರಮ್" ಅಂತ ಗಾಡಿಯನ್ನು ಮಣ್ಣಿಗೆ ಇಳಿಸಿ ನಿಲ್ಲಿಸಿದರು. ಕಾದೆವು. ಲೈಟ್ ಹತ್ತಿರ ಬರಲಿಲ್ಲ. ಬರುವುದಿರಲಿ, ಸಣ್ಣದಾಗುತ್ತಾ ಹೋಯಿತು.

ಮಾವ ಎದೆ ಉಬ್ಬಿಸಿದರು. "ನೋಡಿದ್ಯಾ? ಹೆದ್ರಿ ರಿವರ್ಸ್ ಹೊಂಟಾನ."

ಮತ್ತೆ ಗಾಡಿ ಎತ್ತಿ ಬೆನ್ನು ಹತ್ತಿದೆವು. ಹತ್ತಿರ ಹೋದರೆ ಅದು ಟ್ರ್ಯಾಕ್ಟರ್. ನಮ್ಮಂತೆಯೇ ಕಲಬುರಗಿ ಕಡೆ ಮುಖ ಮಾಡಿ ಹೊರಟಿದೆ. ಹಿಂದೆ ಕಲ್ಟಿವೇಟರ್ ಕಟ್ಟಿದ್ದಾರೆ. ರಾತ್ರಿ ಹೊಲ ಹೊಡೆಯಲು ಹಿಂಬದಿಗೆ ಹಾಕುತ್ತಾರಲ್ಲ, ಆ ಬಿಳಿ ಲೈಟನ್ನು ಹಾಗೇ ಬಿಟ್ಟಿದ್ದಾನೆ. ಮಾವ ಅವನ ಪಕ್ಕಕ್ಕೆ ಗಾಡಿ ತಂದು, ಕಿಟಕಿ ಇಳಿಸಿ, "ಏ ತಮ್ಮಾ, ಹಿಂದಿನ ಲೈಟ್ ಬಂದ್ ಮಾಡೋ!" ಅಂತ ಕೂಗಿದರು. ತಲೆಗೆ ಟವೆಲ್ ಸುತ್ತಿದ್ದ ಹುಡುಗ ಬಗ್ಗಿ ನೋಡಿ ಹೇಳಿದ: "ಕೆಂಪು ಲೈಟ್ ಹೋಗ್ಯಾದ್ರಿ ಕಾಕಾ. ಇದೂ ಬಂದ್ ಮಾಡಿದ್ರ ನಾ ಯಾರಿಗಿ ಕಾಣ್ಲಿ?"

ಮಾವನ ಬಳಿ ಇದಕ್ಕೆ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗ ಪುಣ್ಯವಂತ. ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಬೇರೆ ಟ್ರ್ಯಾಕ್ಟರುಗಳಿಗೆ ಹಿಂದೆ ಕೆಂಪೂ ಇಲ್ಲ, ಬಿಳಿಯೂ ಇಲ್ಲ. ಇದ್ದರೆ ಒಂದು ರೇಡಿಯಂ ಪಟ್ಟಿ, ಅದರ ಮೇಲೊಂದು ಪದರ ಎರೆಮಣ್ಣು.

ಅಲ್ಲಿಂದ ಮುಂದೆ ಶುರುವಾಯಿತು ನೋಡಿ. ಎದುರಿಗೆ ಬಂದವರೆಲ್ಲ ನಮಗೆ ಲೈಟ್ ಹೊಡೆಯತೊಡಗಿದರು. ಲಾರಿ, ಬಸ್ಸು, ಟಂಟಂ, ಒಬ್ಬರೂ ಬಿಡಲಿಲ್ಲ. ಮಾವನದು ಡಿಮ್ಮಿನಲ್ಲೇ ಇತ್ತು. ಟ್ರ್ಯಾಕ್ಟರ್ ಪ್ರಸಂಗದಿಂದ ಸ್ವಲ್ಪ ತಣ್ಣಗಾಗಿದ್ದರು.

"ಮುಂದ ಪೊಲೀಸರು ಇರ್ಬೇಕು, ಬೆಲ್ಟ್ ಹಾಕ್ರಿ" ಅಂದರು. ಹಿಂದೆ ಬೀಗರ ಬೆಲ್ಟಿನ ಕೊಕ್ಕೆ ಅತ್ತಿಯ ಕೆಳಗೆ ಸಿಕ್ಕಿತ್ತು. ಅದನ್ನು ಹುಡುಕುವಷ್ಟರಲ್ಲಿ ಕಿಲೋಮೀಟರುಗಟ್ಟಲೆ ಬಂದಿದ್ದೆವು, ಒಬ್ಬ ಪೊಲೀಸರೂ ಇಲ್ಲ.

"ಬಾಗ್ಲಾ ಹಾಕಿಲ್ಲೇನೋ" ಅಂತ ನಿಲ್ಲಿಸಿ ಎಲ್ಲ ಬಾಗಿಲನ್ನೂ ಬಡಿದು ನೋಡಿದರು. ಬರಾಬರ್ ಇದ್ದವು.

"ನಿಂದು ಗುರ್ತು ಇದ್ದೋರು ಇರ್ಬೇಕು ಅಣ್ಣಾ. ಎಷ್ಟ್ ಮಂದಿಗಿ ಸಾಲ ಕೊಟ್ಟಿದ್ದಿ" ಅಂದಳು ಅವ್ವ. ಮಾವನಿಗೆ ಈ ಮಾತು ಹಿಡಿಸಿತು. ಮುಂದಿನ ಲಾರಿ ಲೈಟ್ ಹೊಡೆದಾಗ ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು. ಲಾರಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಸನ್ನೆ ಮಾಡಿದ. ಅದು ನಮಸ್ಕಾರ ಆಗಿರಲಿಲ್ಲ.

ಕೊನೆಗೆ ಚಹಾ ಕುಡಿಯಲು ಒಂದು ಢಾಬಾಕ್ಕೆ ಗಾಡಿ ತಿರುಗಿಸಿದೆವು. ಅಲ್ಲಿ ನಿಂತಿದ್ದ ಲಾರಿಯ ಹಿಂದೆ 'ಯೂಸ್ ಡಿಪ್ಪರ್ ಅಟ್ ನೈಟ್', ಅಂದರೆ ರಾತ್ರಿ ಲೈಟ್ ಡಿಮ್ ಮಾಡಿ, ಎಂಬ ಸಾಲು. ಈ ಸಾಲಿನ ಮಹಿಮೆ ಎಷ್ಟೆಂದರೆ, 2016ರಲ್ಲಿ ಟಾಟಾ ಮೋಟಾರ್ಸ್ ಮತ್ತು ಟಿಸಿಐ ಫೌಂಡೇಶನ್ ಸೇರಿ ಲಾರಿ ಚಾಲಕರಿಗೆಂದು ತಂದ ಕಾಂಡೋಮಿಗೆ 'ಡಿಪ್ಪರ್' ಅಂತಲೇ ಹೆಸರಿಟ್ಟರು. ಅತ್ತಿ, ಅವ್ವ, ಬೀಗರ ಎದುರಿಗೆ ಈ ಜ್ಞಾನವನ್ನು ಹಂಚಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ನಿಮಗೆ ಹೇಳಿದೆ ಅಷ್ಟೇ.

ನಮ್ಮ ಗಾಡಿ ಢಾಬಾದ ಗೋಡೆಗೆ ಮುಖ ಮಾಡಿ ನಿಂತಿತು. ಹೊರಸಿನ ಮೇಲೆ ಕೂತು ಊಟ ಮಾಡುತ್ತಿದ್ದ ಲಾರಿ ಡ್ರೈವರ್ ಎಡಗೈಯನ್ನು ಹಣೆಗೆ ಅಡ್ಡ ಹಿಡಿದ. ಬಲಗೈಯಲ್ಲಿದ್ದ ರೊಟ್ಟಿ ತುಣುಕು ಪಲ್ಯದವರೆಗೆ ಹೋಗಿ ನಿಂತಿತು. "ಸಾವ್ಕಾರ್ರ, ನಿಮ್ಮ ಗಾಡಿ ಚುಕ್ಕಿ ಎಣಿಸ್ಲತ್ತದ" ಅಂದ.

ಆಗ ನೋಡಿದೆವು. ಡಿಮ್ ಲೈಟಿನ ಬೆಳಕು ಗೋಡೆಯ ಮೇಲಿನ ಬೋರ್ಡ್ ದಾಟಿ ತಗಡಿಗೆ ಬಿದ್ದಿತ್ತು. ಹಿಂದಿನ ಭಾರಕ್ಕೆ ಬಾಲ ಕುಸಿದು ಮೂತಿ ಎದ್ದಿದೆ. ಡ್ರೈವರ್ ಕೈ ತೊಳೆದು ಬಂದ. ಸ್ಟೇರಿಂಗ್ ಬಲಕ್ಕೆ 0, 1, 2, 3 ಅಂತ ಬರೆದ ಒಂದು ಪುಟ್ಟ ಚಕ್ರ ಇತ್ತು. ಅದನ್ನು ಬೆರಳಲ್ಲಿ ತಿರುಗಿಸಿ 2ಕ್ಕೆ ತಂದ. ಗೋಡೆಯ ಮೇಲಿನ ಬೆಳಕು ಜರ್ರನೆ ಇಳಿದು ಹೊರಸಿನ ಕಾಲಿಗೆ ಬಂತು. ಗಾಡಿಯಲ್ಲಿ ಭಾರ ಜಾಸ್ತಿ ಇದ್ದಾಗ ಲೈಟ್ ಇಳಿಸಲೆಂದೇ ಕೊಟ್ಟ ಚಕ್ರ ಅದು. ಮೀಟರ್ ಬೆಳಕು ಜಾಸ್ತಿ ಕಮ್ಮಿ ಮಾಡುವ ಚಕ್ರ ಅಂತ ಮಾವ ಇಷ್ಟು ವರ್ಷ ನಂಬಿದ್ದರು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಲ್ಲ ಬರೆದಿರುತ್ತದೆ. ಆ ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಸಮೇತ. ಪ್ರತಿ ಆಯುಧ ಪೂಜೆಗೆ ಅದಕ್ಕೆ ತಪ್ಪದೆ ಕುಂಕುಮ ಹಚ್ಚಿದ್ದರು.

"ಈ ಕಡಿ ಸೊಟ್ಟ ಅದಲ್ಲ?" ಅಂದರು ಮಾವ, ಸೋಲೊಪ್ಪದೆ. ಗೋಡೆಯ ಮೇಲೆ ಬೆಳಕಿನ ಅಂಚು ಬಲಕ್ಕೆ ಸಪಾಟಾಗಿತ್ತು, ಎಡಕ್ಕೆ ಸ್ವಲ್ಪ ಮೇಲೇರಿತ್ತು. ಅದು ಇರಬೇಕಾದದ್ದೇ ಹಾಗೆ ಅಂದ ಡ್ರೈವರ್. ಎಡಗಡೆ ದಂಡೆಯಲ್ಲಿ ನಡೆಯುವವರು ಕಾಣಲಿ, ಬಲಗಡೆಯಿಂದ ಬರುವವನ ಕಣ್ಣಿಗೆ ಹೊಡೆಯದಿರಲಿ ಅಂತ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದರ ಅಳತೆ ಇದೆ. ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಕಣ್ಣಿರುವ ಮನುಷ್ಯನ ಕಣ್ಣು ಕುಕ್ಕಬಾರದು. ಇದನ್ನು ನಾನು ಹೇಳಿದ್ದೇ ತಪ್ಪಾಯಿತು. ಮಾವ ಬೀಗರನ್ನು ಎಬ್ಬಿಸಿ, ಹೆಜ್ಜೆಯಲ್ಲೇ ಅಳೆದು, ಎಂಟು ಮೀಟರ್ ದೂರದಲ್ಲಿ ನಿಲ್ಲಿಸಿದರು. "ಕಣ್ಣಿಗಿ ಹೊಡಿತದೇನ್ರಿ?" ಬೀಗರು ಅರ್ಧ ನಿದ್ದೆಯಲ್ಲಿದ್ದರು. ಕಮಲಾಪುರ ಬಂತಾ ಅಂತ ಕೇಳಿದರು.

ಮತ್ತೆ ಹೊರಟೆವು. ಎದುರಿಗೆ ಬಂದ ಮೊದಲ ಲಾರಿ ಸುಮ್ನೆ ಹೋಯಿತು. ಎರಡನೆಯದು ನಮಗಿಂತ ಮೊದಲೇ ಲೈಟ್ ಇಳಿಸಿತು. ಮಾವನಿಗೆ ರುಚಿ ಹತ್ತಿತು. "ಎರಡಕ್ಕ ಇಷ್ಟ್ ಫರಕ್ ಆದ್ರ ಮೂರಕ್ಕ ಎಷ್ಟಾಗ್ಬೇಡ!" ಅಂತ ಚಕ್ರವನ್ನು ಪೂರ್ತಿ ತಿರುಗಿಸಿಬಿಟ್ಟರು. ಕಮಲಾಪುರದಲ್ಲಿ ಬೀಗರು ಇಳಿದರು, ಹಿಂದಿನ ಭಾರ ಅರ್ಧ ಇಳಿಯಿತು. ಚಕ್ರ ಮಾತ್ರ ಮೂರರಲ್ಲೇ ಉಳಿಯಿತು. ಈಗ ಬೆಳಕೆಲ್ಲ ಬಂಪರ್ ಮುಂದೆ ರಂಗೋಲಿ ಹಾಕುವಷ್ಟು ಜಾಗದಲ್ಲಿ ಬೀಳುತ್ತಿದೆ. ಅದರಾಚೆ ಏನಿದೆ ಅಂತ ದೇವರಿಗೇ ಗೊತ್ತು. ಮಾವ ಮೂವತ್ತರ ಸ್ಪೀಡಿನಲ್ಲಿ, ಬಹಳ ಖುಷಿಯಲ್ಲಿ, ಹೊರಟಿದ್ದಾರೆ. ಎರಡಕ್ಕೆ ತರೋಣ ಅಂತ ಕೈ ಚಾಚಿದರೆ "ಏ, ಮುಟ್ಟಬ್ಯಾಡ" ಅಂತ ಕೈ ಸರಿಸಿದರು. ಕಬ್ಬಿನ ಟ್ರ್ಯಾಕ್ಟರೊಂದು ಎರಡೂ ಟ್ರೇಲರ್ ಸಮೇತ ನಮ್ಮನ್ನು ಓವರ್‌ಟೇಕ್ ಮಾಡಿತು.

"ನೋಡು, ಈಗ ಒಬ್ಬನೂ ಲೈಟ್ ಹೊಡಿಲತ್ತಿಲ್ಲ" ಅಂದರು ಮಾವ.

ಅತ್ತಿ ಹಿಂದಿನ ಗಾಜಿನ ಕಡೆ ತಿರುಗಿ ನೋಡಿದರು. ಅಲ್ಲಿ ಸಾಲು ಸಾಲು ಗಾಡಿ. "ಮುಂದಿನವ್ರು ಸುಮ್ಮ ಆದ್ರು ಖರೇ. ಹಿಂದಿನವ್ರು ಹಾರ್ನ್ ಹೊಡಿಲತ್ತಾರಲ್ರಿ, ಅದಕ್ಕೂ ಒಂದು ಚಕ್ರ ಅದ ಏನ್ ನೋಡ್ರಿ."