ಒಡಹುಟ್ಟಿದವರ ಹೊಣೆಗೆ ಸಣ್ಣಕತೆಯ ಅಳವು ಸಾಕೇ?

ಪರ

ಅಣ್ಣ ತಂಗಿಯನ್ನು, ಅಕ್ಕ ತಮ್ಮನನ್ನು ಸಾಕಲೇಬೇಕೆಂದು ಕಾನೂನು ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಜೀವನಾಂಶದ ವಿಷಯದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹೆಂಡತಿ, ಮಕ್ಕಳು, ತಂದೆತಾಯಿಗಳನ್ನಷ್ಟೇ ಹೆಸರಿಸಿತ್ತು. 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿಯೂ ಒಡಹುಟ್ಟಿದವರಿಲ್ಲ. ಹೀಗೆ ಎಲ್ಲಿಯೂ ಬರೆದಿಡದ ಹೊಣೆಯು, ಯಾರಾದರೂ ಬಾಯಿಬಿಟ್ಟು ಕೇಳಿದ ಅಥವಾ ಕೇಳಲಾರದೆ ಸುಮ್ಮನಾದ ಗಳಿಗೆಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಅಂಥ ಗಳಿಗೆಯನ್ನು ಹಿಡಿಯುವುದೇ ಸಣ್ಣಕತೆಯ ಕಸುಬು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಮೇಲೆ, ನಮ್ಮ ಭಾಗದ ಎರಿ ಹೊಲಗಳ ವಾಟ್ನಿಗೆ, ಅಂದರೆ ಪಾಲು ಹಂಚಿಕೆಗೆ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕಾಯಿತು. ಶಿರಹಟ್ಟಿಗೆ ಕೊಟ್ಟ ಅಕ್ಕನೊಬ್ಬಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲೆಂದು ಗದಗಿನ ನೋಂದಣಿ ಕಚೇರಿಗೆ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಸಹಿ ಹಾಕಿದರೆ ಅವಳ ಪಾಲಿನ ನೆಲ ಹೋಗುತ್ತದೆ. ಹಾಕದಿದ್ದರೆ ಬರುವ ನಾಗರಪಂಚಮಿಗೆ ಕರೆಯಲು ತಮ್ಮ ಬಾರದೆ ಹೋಗಬಹುದು. ಅವನೋ ಚಹಾ ತರಿಸುತ್ತಾನೆ, ಮಕ್ಕಳ ಓದು ವಿಚಾರಿಸುತ್ತಾನೆ, ಹೊಲದ ಮಾತನ್ನು ಮಾತ್ರ ಎತ್ತುವುದಿಲ್ಲ. ಅದು ಅವನ ಸಂಕೋಚವೋ ಲೆಕ್ಕಾಚಾರವೋ ಎಂಬುದನ್ನು ಹೇಳದೆ ಬಿಡುವ ಸ್ವಾತಂತ್ರ್ಯ ಸಣ್ಣಕತೆಗಿದೆ. ಕಾದಂಬರಿಯಾದರೆ ಇಂದಲ್ಲ ನಾಳೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ.

ವಿರೋಧ

ಆ ಕಚೇರಿಯ ಚಿತ್ರ ಸೊಗಸಾಗಿದೆ, ಮತ್ತು ನನ್ನ ತಕರಾರು ಇರುವುದೇ ಆ ಸೊಗಸಿನ ಮೇಲೆ. ಓದುಗರ ಮರುಕವೆಲ್ಲ ಅಕ್ಕನ ಕಡೆಗೆ ಸರಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಅವಳ ಮದುವೆಗೆ ಅಪ್ಪ ಮಾಡಿದ ಸಾಲವನ್ನು ಆ ತಮ್ಮ ಮೆಣಸಿನಕಾಯಿ ಮಾರಿ ಎಷ್ಟು ಸುಗ್ಗಿಗಳಲ್ಲಿ ತೀರಿಸಿದ, ಅವನನ್ನು ಎತ್ತಿ ಆಡಿಸಲೆಂದು ಅವಳು ಎಷ್ಟನೆಯ ಇಯತ್ತೆಗೆ ಶಾಲೆ ಬಿಟ್ಟಳು, ಅವ್ವ ಹಾಸಿಗೆ ಹಿಡಿದಾಗ ಬಂದು ನಿಂತವರು ಯಾರು ಎಂಬುದೆಲ್ಲ ಆ ಮಧ್ಯಾಹ್ನದ ಆಚೆಗೇ ಉಳಿಯುತ್ತದೆ. ಒಡಹುಟ್ಟಿದವರ ನಡುವಿನ ಹೊಣೆ ದಶಕಗಳ ಕೊಡುಕೊಳ್ಳುವಿಕೆ. ಅದೆಲ್ಲವನ್ನೂ ಒಳಗೊಳ್ಳಲು ಹೊರಟ ಸಣ್ಣಕತೆ ಜಮಾಖರ್ಚಿನ ಪಟ್ಟಿಯಾಗುತ್ತದೆ, ಕೈಬಿಟ್ಟ ಕತೆ ಪಕ್ಷಪಾತಿಯಾಗುತ್ತದೆ.

ಈ ಇಕ್ಕಟ್ಟಿನಿಂದಲೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪಾತ್ರಗಳು ಹುಟ್ಟಿಕೊಂಡಿವೆ: ತ್ಯಾಗಮಯಿ ಅಕ್ಕ, ಉಪಕಾರ ಮರೆತ ತಮ್ಮ, ಮತ್ತು ಇಬ್ಬರ ನಡುವೆ ಹುಳಿ ಹಿಂಡಿದಳೆಂಬ ಅಪವಾದ ಹೊರಲೆಂದೇ ಬರುವ ಅವನ ಹೆಂಡತಿ. (ಈ ಕೊನೆಯವಳಿಗೆ ಎಷ್ಟೋ ಸಲ ಹೆಸರೂ ಇರುವುದಿಲ್ಲ.)

ಗದುಗಿನ ವೀರನಾರಾಯಣನನ್ನು ನೆನೆದು ಬರೆದ ಕುಮಾರವ್ಯಾಸ, ದಾಯಾದಿಗಳ ಕತೆಗೆ ಹತ್ತು ಪರ್ವಗಳನ್ನು ತೆಗೆದುಕೊಂಡ. ಉದ್ಯೋಗ ಪರ್ವದಲ್ಲಿ ಕೃಷ್ಣನು ಕರ್ಣನಿಗೆ ಪಾಂಡವರು ಒಡಹುಟ್ಟಿದವರೆಂದು ತಿಳಿಸುವ ಸನ್ನಿವೇಶವನ್ನಷ್ಟೇ ಬಿಡಿಸಿ ತೆಗೆದರೆ ಅದೂ ಒಳ್ಳೆಯ ಸಣ್ಣಕತೆಯೇ ಎಂದು ಯಾರಾದರೂ ಹೇಳಬಹುದು; ಒಪ್ಪುತ್ತೇನೆ. ಆದರೆ ಅಲ್ಲಿ ಕರ್ಣನು ತಮ್ಮಂದಿರ ಕಡೆಗೆ ಹೋಗಲಾರದೆ ತೊಳಲುವುದು ಏಕೆಂದು ತಿಳಿಯಬೇಕಾದರೆ, ಹಿಂದೆ ತುಂಬಿದ ಸಭೆಯಲ್ಲಿ ಅವನ ಕುಲ ಕೇಳಿ ಹಂಗಿಸಿದ್ದು, ಆಗ ಕೌರವನೊಬ್ಬನೇ ಅಂಗರಾಜ್ಯ ಕೊಟ್ಟು ಕೈಹಿಡಿದದ್ದು ನಮಗೆ ಮೊದಲೇ ಗೊತ್ತಿರಬೇಕು. ಕರ್ಣನ ಆ ಹಿಂದಿನ ಬದುಕನ್ನು ಕನ್ನಡದ ಓದುಗರು ಮನೆಯಲ್ಲಿ, ಗುಡಿಯಲ್ಲಿ, ಬಯಲಾಟದಲ್ಲಿ ಕೇಳಿಕೊಂಡೇ ಬಂದಿರುತ್ತಾರೆ; ಶಿರಹಟ್ಟಿಯ ಅಕ್ಕನದನ್ನು ಯಾರೂ ಕೇಳಿರುವುದಿಲ್ಲ, ಅದನ್ನು ಹೇಳಲು ಸಣ್ಣಕತೆಗಾರನಿಗೆ ಇರುವುದು ಎಂಟೋ ಹತ್ತೋ ಪುಟ.