ಟೀವಿ, ಮೇಲ್ ಮತ್ತು 160 ಅಕ್ಷರ

ಮೇಲ್ ಓದೋಕೆ ಫೋನಿದೆ, ಬ್ರೌಸರ್ ಇದೆ. ಆದ್ರೂ ನಾನು ಓದೋದು ಇಮ್ಯಾಕ್ಸ್‌ನಲ್ಲಿ. ಅದೊಂದು ಟೆಕ್ಸ್ಟ್ ಎಡಿಟರ್. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಅದರೊಳಗೆ ಲೆಕ್ಕ ಬರೆಯಬಹುದು, ಟೆಟ್ರಿಸ್ ಆಡಬಹುದು, ಮೇಲ್ ಕೂಡ ನೋಡಬಹುದು. ಬಳ್ಳಾರಿ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಒಂದೆರಡು ಯೂನಿಟ್‌ಗಳ ಬಿಲ್ಲು, ಪತ್ರವ್ಯವಹಾರ ನನ್ನ ತಲೆ ಮೇಲಿದೆ. ಜಿಪ್ಪು ಬಂದಿಲ್ಲ, ಗುಂಡಿ ಸೈಜು ಬೇರೆ, ಹಳೇ ಬಾಕಿ ಯಾವಾಗ, ಬರೀ ಇಂಥವೇ ಮೇಲ್‌ಗಳು. ಎಲ್ಲಾ ಮೊದಲೇ ಲ್ಯಾಪ್‌ಟಾಪ್‌ಗೆ ಇಳಿದಿರುತ್ತವೆ, ಹಾಗಾಗಿ ನೆಟ್ ಹೋದರೂ ಓದೋಕೆ ಅಡ್ಡಿಯಿಲ್ಲ. ಏಪ್ರಿಲ್ ತಿಂಗಳಲ್ಲಿ ಈ ಊರಲ್ಲಿ ಇದ್ದವರಿಗೆ ಅದರ ಬೆಲೆ ಗೊತ್ತು.

ಇದರೊಳಗಿನ ಮೇಲ್ ಪ್ರೋಗ್ರಾಂ ಹೆಸರು ಮು4ಇ. ಸ್ವಭಾವತಃ ಒಳ್ಳೇದು. ಮೇಲೆ ಪಟ್ಟಿ, ಹತ್ತೇ ಸಾಲು. ಕೆಳಗೆ ತೆರೆದ ಮೇಲ್. ಅಷ್ಟಕ್ಕೇ ನಿಂತಿದ್ರೆ ನಾನು ಇದನ್ನ ಬರೀತಾನೇ ಇರಲಿಲ್ಲ.

ಪರದೆಯ ಇಂಥ ಒಂದೊಂದು ಪಾಲಿಗೂ ಇಮ್ಯಾಕ್ಸ್‌ನಲ್ಲಿ ಕಿಟಕಿ ಅಂತ ಹೆಸರು. ತೊಂದರೆ ಶುರುವಾಗೋದು ಮೂರನೇ ಕಿಟಕಿಯಿಂದ. ಬಾಕಿ ಕೇಳಿದವನಿಗೆ ಉತ್ತರ ಬರೆಯೋಕೆ ಪಕ್ಕದಲ್ಲಿ ಲೆಕ್ಕದ ಫೈಲ್ ಬೇಕು. ಅದನ್ನ ತೆರೆದ ಕೂಡಲೇ ಇಮ್ಯಾಕ್ಸ್ ಜಾಗ ಹಂಚೋಕೆ ಕೂರುತ್ತದೆ, ಊರ ಹಿರಿಯರು ಅಣ್ಣತಮ್ಮಂದಿರಿಗೆ ಮನೆ ಪಾಲು ಮಾಡಿಕೊಟ್ಟ ಹಾಗೆ: ಯಾರಿಗೂ ಸಮಾಧಾನ ಇಲ್ಲ, ಒಬ್ಬನಿಗಂತೂ ಬರೀ ಬಚ್ಚಲು. ಆದರೆ ಅದಕ್ಕೂ ಒಂದು ನಿಯಮ ಇದೆ. ಎತ್ತರ 80 ಸಾಲು ಇದ್ದರೆ ಮೇಲೆ ಕೆಳಗೆ ಸೀಳುತ್ತದೆ. ಇಲ್ಲದಿದ್ದರೆ, ಅಗಲ 160 ಅಕ್ಷರ ಇದೆಯಾ ನೋಡಿ ಅಕ್ಕಪಕ್ಕ ಸೀಳುತ್ತದೆ. ಅದೂ ಇಲ್ಲ ಅಂದ್ರೆ ಇರೋ ಯಾವುದೋ ಕಿಟಕಿಯ ಮೇಲೇ ಬಂದು ಕೂರುತ್ತದೆ. ಸಾಮಾನ್ಯವಾಗಿ ಅದು ನಾನು ಓದ್ತಾ ಇರೋ ಮೇಲ್‌ನ ಕಿಟಕಿ.

ನನ್ನ ಮಾನಿಟರ್ ಬೇರೆ ಯಾವುದೂ ಅಲ್ಲ, ಮನೆ ಟೀವಿ. ಅದರಲ್ಲಿ 160 ಅಕ್ಷರ ಆರಾಮಾಗಿ ಹಿಡಿಸುತ್ತೆ. ಮೇಲ್ ಎಡಕ್ಕೆ, ಲೆಕ್ಕ ಬಲಕ್ಕೆ, ಕಣ್ಣಿಗೆ ಹಬ್ಬ. ಸಂಜೆ ಏಳಕ್ಕೆ ಅಪ್ಪ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಏನಪ್ಪಾ, ಮುಗೀತೇನು? ಮ್ಯಾಚ್ ಸುರು ಆಗೈತಿ."

"ಒಂದ್ ಮೇಲ್ ಐತಪ್ಪಾ, ಐದ್ ನಿಮಿಷ."

"ಮೇಲ್ ಎಲ್ಲಿಗಿ ಹೊಕ್ಕೈತಿ, ಪವರ್‌ಪ್ಲೇ ಹೊಕ್ಕೈತಿ."

ಕೇಬಲ್ ಕಿತ್ತ ಕ್ಷಣ ಎಲ್ಲವೂ ಲ್ಯಾಪ್‌ಟಾಪ್‌ನ ಪುಟ್ಟ ಪರದೆಗೆ ನುಗ್ಗುತ್ತವೆ. ಲೆಕ್ಕದ ಸಾಲುಗಳು ಮಡಚಿಕೊಂಡು, ಮೊತ್ತ ಒಂದು ಸಾಲಲ್ಲಿ, ಅದರ ಕೊನೆಯ ಎರಡು ಸೊನ್ನೆ ಇನ್ನೊಂದು ಸಾಲಲ್ಲಿ. ಕರೆಂಟ್ ಹೋದರೂ ಇದೇ ಕಥೆ. ಆಗ ಮಾತ್ರ ಬೈಯೋಕೆ ಅಪ್ಪನೂ ಜೊತೆಗಿರುತ್ತಾರೆ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ವಿನ್ನರ್ ಮೋಡ್ ಅಂತ ಒಂದಿದೆ. ಕಂಟ್ರೋಲ್ ಸಿ ಒತ್ತಿ ಎಡ ಬಾಣ ಒತ್ತಿದರೆ ಕಿಟಕಿಗಳು ಹಿಂದೆ ಇದ್ದ ಹಾಗೇ ಬಂದು ನಿಲ್ಲುತ್ತವೆ. ಇನ್ನೊಂದು, ನಮಗೆ ಬೇಕಾದ ಜೋಡಣೆಗೆ ಒಂದು ಅಕ್ಷರದ ಹೆಸರಿಟ್ಟು ಎತ್ತಿಡೋದು: ಕಂಟ್ರೋಲ್ ಎಕ್ಸ್, ಆರ್, ಡಬ್ಲ್ಯೂ, ಆಮೇಲೆ ಆ ಅಕ್ಷರ. ಬೇಕಾದಾಗ ಡಬ್ಲ್ಯೂ ಬದಲು ಜೆ ಒತ್ತಿದರೆ ವಾಪಸ್. ನನ್ನ ಹತ್ರ ಟಿ ಅಂದ್ರೆ ಟೀವಿ, ಎಲ್ ಅಂದ್ರೆ ಲ್ಯಾಪ್‌ಟಾಪ್. ಇಮ್ಯಾಕ್ಸ್ ಮುಚ್ಚಿದರೆ ಎರಡೂ ಮಾಯ, ಅದಕ್ಕೇ ನಾನು ಅದನ್ನ ಮುಚ್ಚೋದೇ ಇಲ್ಲ. ಲ್ಯಾಪ್‌ಟಾಪ್ ಯಾಕೆ ಇಷ್ಟು ಬಿಸಿ ಅಂತ ಮನೆಯವಳು ಕೇಳಿದರೆ, ಹೊರಗೆ ಬಿಸಿಲು ನೋಡು ಅಂತೀನಿ.

ಇಷ್ಟಾದ ಮೇಲೂ ಒಂದು ಕಾಟ ಉಳೀತು, ಅದೇ ನಿಜವಾದ ಕಾಟ. ಕಿಟಕಿಗಳು ಜಾಗ ಬದಲಿಸಿದಾಗ ಕರ್ಸರ್ ಎಲ್ಲಿ ಕೂತಿದೆ ಅಂತ ತಟ್ಟನೆ ಗೊತ್ತಾಗಲ್ಲ. ಉತ್ತರದ ಕಿಟಕಿ ಅಂದುಕೊಂಡು ಇಂಗ್ಲಿಷಲ್ಲಿ "ಡಿಯರ್ ಸರ್" ಟೈಪ್ ಮಾಡ್ತೀವಿ, ಕರ್ಸರ್ ಪಟ್ಟಿಯಲ್ಲಿ ಇರುತ್ತೆ. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ದೊಡ್ಡ ಡಿ ಅಂದ್ರೆ, ಈ ಮೇಲ್ ಪೂರ್ತಿ ಅಳಿಸು ಅಂತ ಗುರುತು! ಗೌರವದಿಂದ ಶುರು ಮಾಡಿದವನ ಮೊದಲ ಅಕ್ಷರಕ್ಕೇ ಆ ಸರ್ ಕಳಿಸಿದ ಬಿಲ್ಲಿನ ಪಕ್ಕ ಡಿ ಅಂತ ಮುದ್ರೆ ಬೀಳುತ್ತೆ. ಎಕ್ಸ್ ಒತ್ತಿ, ಹೂಂ ಅನ್ನೋವರೆಗೂ ಏನೂ ಅಳಿಯೋದಿಲ್ಲ ನಿಜ, ಆದರೆ ಆ ಎರಡು ಸೆಕೆಂಡು ಎದೆ ಬಡಿತ ಕೇಳಬೇಡಿ.

ಕಾಪಾಡಿದ್ದು ಕನ್ನಡ. ಕೀಬೋರ್ಡ್ ಕನ್ನಡದಲ್ಲಿದ್ದಾಗ ಪಟ್ಟಿಯಲ್ಲಿ "ನ" ಬಿದ್ದರೆ, ಇದಕ್ಕೆ ಅರ್ಥ ಇಲ್ಲ ಅಂತ ಕೆಳಗೊಂದು ಸಾಲು ತೋರಿಸಿ ಇಮ್ಯಾಕ್ಸ್ ಸುಮ್ನಾಗುತ್ತೆ. ಯಾವ ಮೇಲಿಗೂ ಮುದ್ರೆ ಬೀಳಲ್ಲ. ಆವತ್ತಿಂದ ನನ್ನ ಎಲ್ಲಾ ಉತ್ತರಗಳೂ "ನಮಸ್ಕಾರ" ಅಂತಲೇ ಶುರು, ಬಟ್ಟೆ ಕಳಿಸೋ ಗುಜರಾತಿ ವ್ಯಾಪಾರಿಗೂ. ಅವನು ಮೊದಲ ಸಲ ಫೋನ್ ಮಾಡಿ, ಇದೇನು ಹೊಸ ಟ್ಯಾಕ್ಸಾ ಅಂತ ಕೇಳಿದ. ಈಗ ಅವನೂ ಹಾಗೇ ಬರೀತಾನೆ, ಸ್ಪೆಲ್ಲಿಂಗ್ ತಪ್ಪು, ರೇಟು ಮಾತ್ರ ಒಂದು ಪೈಸೆ ಇಳಿಸಿಲ್ಲ.